ಕೆಂಪು ಬಸ್ಸಿನ ಹಳಹಳಿಕೆ

ನನ್ನ ಪುಸ್ತಕದ ಕಪಾಟಿನಲ್ಲಿ ಅಂಗೈಯಷ್ಟು ದೊಡ್ಡ ಕೆಂಪು ಡಬಲ್ ಡೆಕ್ಕರ್ ಬಸ್ಸೊಂದಿದೆ. ಮನೆಗೆ ಬಂದವರು ಅದನ್ನು ಎತ್ತಿಕೊಂಡು, ‘ಆಹಾ, ಲಂಡನ್! ಆ ಕಾಲದ ಚೆಂದವೇ ಬೇರೆ ಬಿಡಿ’ ಎನ್ನುತ್ತಾರೆ. ಹೀಗೆ ಹೇಳುವವರಲ್ಲಿ ಬಹಳಷ್ಟು ಮಂದಿ ಆ ಬಸ್ಸನ್ನು ನೋಡಿದ್ದು ಸಿನಿಮಾದಲ್ಲಿ ಮಾತ್ರ. ನಾನು ಅದರಲ್ಲಿ ಓಡಾಡಿದವನು. ಅದಕ್ಕೇ ಈ ಮಾತಿಗೆ ನನ್ನದೊಂದು ತಕರಾರಿದೆ.

2005ರಲ್ಲಿ ಓದಲೆಂದು ಲಂಡನ್ನಿನಲ್ಲಿದ್ದೆ. ಬ್ರಿಕ್ಸ್‌ಟನ್‌ನಲ್ಲಿ 159ನೇ ನಂಬರಿನ ಬಸ್ಸು ಹತ್ತುತ್ತಿದ್ದೆ. ಅದೇ ರೂಟ್‌ಮಾಸ್ಟರ್. ಹಿಂದುಗಡೆ ಬಾಗಿಲಿಲ್ಲದ ಪ್ಲಾಟ್‌ಫಾರಂ, ಹಿಡಿದುಕೊಳ್ಳಲು ಒಂದು ಕಂಬ, ಮಹಡಿಗೆ ಹೋಗಲು ತಿರುವು ಮೆಟ್ಟಿಲು. ಕಂಡಕ್ಟರು ಹಗ್ಗ ಎಳೆದು ಎರಡು ಸಲ ಗಂಟೆ ಹೊಡೆದರೆ ಬಸ್ಸು ಹೊರಡುತ್ತಿತ್ತು. ಅದೇ ವರ್ಷ ಡಿಸೆಂಬರ್ 9ರಂದು ಆ ಬಸ್ಸುಗಳ ದಿನನಿತ್ಯದ ಓಟ ಮುಗಿಯಿತು. ಆಮೇಲೆ ಉಳಿದದ್ದು ಒಂದೆರಡು ಪಾರಂಪರಿಕ ಮಾರ್ಗಗಳು, ಮತ್ತು ಇಂಥ ಆಟಿಕೆಗಳು.

ಆಟಿಕೆಯನ್ನು ಮೆಚ್ಚುವವರು ಮೆಚ್ಚುವುದು ಬಣ್ಣವನ್ನು. ಬಸ್ಸಿನ ಹಿರಿಮೆ ಇದ್ದದ್ದು ಅದನ್ನು ಕಟ್ಟಿದ ಬಗೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಟ್ರಾನ್ಸ್‌ಪೋರ್ಟ್ ಮತ್ತಿತರ ಸಂಸ್ಥೆಗಳು ಸೇರಿ 700ಕ್ಕೂ ಹೆಚ್ಚು ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳನ್ನು ತಯಾರಿಸಿದವು. ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಹಗುರವಾಗಿ, ಗಟ್ಟಿಯಾಗಿ ಜೋಡಿಸುವ ವಿದ್ಯೆ ಅಲ್ಲಿ ಕೈಗೆ ಹತ್ತಿತು. ಅದನ್ನೇ ಬಸ್ಸಿಗೆ ತಂದರು. ಎ.ಎ.ಎಂ. ಡ್ಯೂರಂಟ್ ನೇತೃತ್ವದ ತಂಡ ಉದ್ದನೆಯ ಚಾಸಿಯನ್ನೇ ಕೈಬಿಟ್ಟಿತು. ಬಸ್ಸಿನ ಮೈಯೇ ಭಾರ ಹೊರುವಂತೆ ಮಾಡಿ, ಮುಂದೆ ಎಂಜಿನ್ ಮತ್ತು ಸ್ಟಿಯರಿಂಗಿಗೆ ಒಂದು ಚೌಕಟ್ಟು, ಹಿಂದೆ ಆಕ್ಸಲ್‌ಗೆ ಇನ್ನೊಂದು ಚೌಕಟ್ಟು ಕೂಡಿಸಿತು. ಹಳೆಯ ಆರ್‌ಟಿ ಬಸ್ಸಿನಲ್ಲಿ 56 ಸೀಟುಗಳಿದ್ದವು. ಇದರಲ್ಲಿ 64. ಆದರೂ ತೂಕ ಹೆಚ್ಚಲಿಲ್ಲ.

ಇದಕ್ಕಿಂತ ದೊಡ್ಡ ಮಾತು ರಿಪೇರಿಯದು. ಬಿಡಿಭಾಗಗಳೆಲ್ಲ ಒಂದೇ ಅಳತೆಯವು, ಒಂದು ಬಸ್ಸಿನದು ಇನ್ನೊಂದಕ್ಕೆ ಕೂರಬೇಕು. ಆಲ್ಡನ್‌ಹ್ಯಾಂ ವರ್ಕ್‌ಶಾಪಿನಲ್ಲಿ ಬಸ್ಸಿನ ಮೈಯನ್ನು ಎತ್ತಿ ಬೇರೆ ಮಾಡಿ, ಕೆಳಗಿನ ಭಾಗಗಳನ್ನು ಬಿಚ್ಚಿ ಸರಿಮಾಡಿ, ಮತ್ತೆ ಜೋಡಿಸಿ ರಸ್ತೆಗೆ ಬಿಡುತ್ತಿದ್ದರು. 1956ರಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಶುರುಮಾಡಿದ ಮಾದರಿ 2005ರವರೆಗೆ ಬಾಳಿದ್ದಕ್ಕೆ ಇದು ಮುಖ್ಯ ಕಾರಣ. ಕೆಡುತ್ತದೆ ಎಂದು ಒಪ್ಪಿಕೊಂಡೇ ಕಟ್ಟಿದ ಬಸ್ಸು ಅದು.

ಹಳಹಳಿಕೆಗೆ ಇದು ಬೇಡ. ಅದಕ್ಕೆ ಬಸ್ಸಿನೊಳಗಿನ ಮನುಷ್ಯರೂ ಬೇಡ. ರೂಟ್‌ಮಾಸ್ಟರ್ ರಸ್ತೆಗಿಳಿದ 1956ರಲ್ಲೇ ಲಂಡನ್ ಟ್ರಾನ್ಸ್‌ಪೋರ್ಟ್ ಬಾರ್ಬಡೋಸ್‌ನಿಂದ ಕೆಲಸಗಾರರನ್ನು ಕರೆಸಿಕೊಳ್ಳತೊಡಗಿತು. ಅದೇ ದೇಶದ ಬ್ರಿಸ್ಟಲ್ ನಗರದಲ್ಲಿ ಕಪ್ಪು ಮತ್ತು ಏಷ್ಯನ್ ಜನರಿಗೆ ಬಸ್ಸಿನ ಕಂಡಕ್ಟರ್ ಕೆಲಸ ಕೊಡುವುದಿಲ್ಲ ಎಂಬ ನಿಯಮ 1963ರವರೆಗೂ ಇತ್ತು. ನಾಲ್ಕು ತಿಂಗಳು ಬಸ್ಸಿಗೆ ಬಹಿಷ್ಕಾರ ಹಾಕಿ ಅದನ್ನು ಮುರಿಯಬೇಕಾಯಿತು. ಅಲ್ಲಿ ಮೊದಲು ಕೆಲಸಕ್ಕೆ ಸೇರಿದ ಬಿಳಿಯರಲ್ಲದ ಕಂಡಕ್ಟರ್ ಒಬ್ಬ ಸಿಖ್ಖರು, ರಘಬೀರ್ ಸಿಂಗ್. ‘ಆ ಕಾಲದ ಚೆಂದ’ ಎನ್ನುವಾಗ ಇದನ್ನು ಎಲ್ಲಿಡುತ್ತೀರಿ?

ಇನ್ನೊಂದು ಮಾತು, ಇದು ನನಗೂ ಚುಚ್ಚುವಂಥದ್ದು. ಓಡುವ ಬಸ್ಸಿಗೆ ಜಿಗಿದು ಹತ್ತುವ ಖುಷಿಯನ್ನು ನಾನು ಎಷ್ಟೋ ಸಲ ವರ್ಣಿಸಿದ್ದೇನೆ. ಆ ಖುಷಿ ಗಟ್ಟಿ ಕಾಲಿದ್ದವರದು. ಗಾಲಿಕುರ್ಚಿಯಲ್ಲಿದ್ದವರಿಗೆ ಆ ಬಸ್ಸಿನಲ್ಲಿ ಜಾಗವೇ ಇರಲಿಲ್ಲ, ಮೆಟ್ಟಿಲು ಹತ್ತಲಾಗದ ಮುದುಕಿಗೆ ಅದು ದಿನದಿನದ ಪರೀಕ್ಷೆ. ಅದು ಹೋದದ್ದಕ್ಕೆ ಮರುಗುವವರು ಮೊದಲು ಇವರಿಗೆ ಉತ್ತರ ಕೊಡಬೇಕು. ನನ್ನ ಬಳಿ ಉತ್ತರವಿಲ್ಲ. ಆ ಬಸ್ಸು ಹೋಗಬೇಕಿತ್ತು, ಹೋಯಿತು.

ಬಣ್ಣವನ್ನಷ್ಟೇ ನೆನಪಿಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ಲಂಡನ್ನೇ ಸಾಕ್ಷಿ. 2012ರಲ್ಲಿ ಹೊಸ ರೂಟ್‌ಮಾಸ್ಟರ್ ಬಂತು. ಅದೇ ಕೆಂಪು, ಅದೇ ಬಾಗು, ಹಿಂದೆ ತೆರೆದ ಪ್ಲಾಟ್‌ಫಾರಂ. ಗಾಲಿಕುರ್ಚಿಗೆ ಜಾಗ ಸಿಕ್ಕಿತು, ಅದು ನಿಜವಾದ ಗಳಿಕೆ. ಆದರೆ ಕಿಟಕಿ ತೆರೆಯುವಂತಿರಲಿಲ್ಲ. ಬೇಸಿಗೆಯಲ್ಲಿ ಜನ ಬೆಂದರು. ಕೊನೆಗೆ ತೆರೆಯುವ ಕಿಟಕಿ ಕೂರಿಸಬೇಕಾಯಿತು. ಪ್ಲಾಟ್‌ಫಾರಂ ಕಾಯುವವರ ಸಂಬಳ ದುಬಾರಿಯಾಗಿ 2016ರಲ್ಲಿ ಅವರನ್ನು ತೆಗೆದರು, ಹಿಂಬಾಗಿಲನ್ನು ಮುಚ್ಚಿಯೇ ಓಡಿಸಿದರು. ನೆನಪಿಗೆಂದು ಕಟ್ಟಿದ್ದ ಭಾಗವೇ ಮೊದಲು ಕೆಲಸ ನಿಲ್ಲಿಸಿತು.

ನಮ್ಮ ಬೆಂಗಳೂರಿನಲ್ಲೂ ಡಬಲ್ ಡೆಕ್ಕರ್ ಓಡುತ್ತಿತ್ತು. ಅದು ಮತ್ತೆ ಬರಲಿ ಎಂದು ಆಗಾಗ ಆಸೆಪಡುತ್ತೇವೆ. ಬರಲಿ. ಆದರೆ ಬಣ್ಣ ಯಾವುದು ಎಂದು ಕೇಳುವ ಮೊದಲು ಕೆಟ್ಟರೆ ಡಿಪೋದಲ್ಲೇ ಬಿಚ್ಚಿ ಸರಿಮಾಡಲು ಆಗುತ್ತದೆಯೇ, ಯಾರು ಹತ್ತಬಲ್ಲರು, ಯಾರು ಸ್ಟಾಪಿನಲ್ಲೇ ಉಳಿಯುತ್ತಾರೆ ಎಂದು ಕೇಳೋಣ.

ಕಪಾಟಿನ ಆಟಿಕೆಯನ್ನು ನಾನು ಎಸೆದಿಲ್ಲ. ಮೊನ್ನೆ ಅದರ ಒಂದು ಚಕ್ರ ಕಳಚಿತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು, ಮತ್ತೆ ಕೂರಿಸಲು ಬರುವುದಿಲ್ಲ.