ಮೂತ್ರಪರೀಕ್ಷೆ ಹೇಳದ ಸತ್ಯ

ಅಮೆರಿಕದ ಕೊಲೊರಾಡೊ ರಾಜ್ಯದ ಮತದಾರರು 2012ರಲ್ಲಿ ವಯಸ್ಕರ ಗಾಂಜಾ ಸೇವನೆಗೆ ಸಮ್ಮತಿ ಕೊಟ್ಟರು. 2014ರ ಜನವರಿ 1ರಿಂದ ಅಂಗಡಿಗಳಲ್ಲಿ ಅದರ ಬಹಿರಂಗ ಮಾರಾಟವೂ ಮೊದಲಾಯಿತು. ಆದರೆ ಶನಿವಾರ ರಾತ್ರಿ ಶಾಸನಸಮ್ಮತವಾಗಿ ಸೇದಿದವನು ಮುಂದಿನ ವಾರ ಕಾರ್ಖಾನೆಯ ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಉದ್ಯೋಗ ಕಳೆದುಕೊಳ್ಳುವ ಸ್ಥಿತಿ ಹಾಗೆಯೇ ಉಳಿಯಿತು. ಇದನ್ನು ಶಿಸ್ತು ಎಂದು ಸಮರ್ಥಿಸುವವರಿದ್ದಾರೆ. ನಾನು ಒಪ್ಪಲಾರೆ. ಗಾಂಜಾದ ವಕಾಲತ್ತು ನನ್ನ ಉದ್ದೇಶವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬುದ್ಧಿಯನ್ನು ಮಂಕುಗೊಳಿಸುವ ಯಾವ ವಸ್ತುವಿನ ಬಗೆಗೂ ನನಗೆ ಆದರವಿಲ್ಲ. ಪ್ರಶ್ನೆಯಿರುವುದು ಶಿಕ್ಷೆಯ ನ್ಯಾಯದ ಬಗ್ಗೆ.

ಬ್ರ್ಯಾಂಡನ್ ಕೋಟ್ಸ್ ಎಂಬಾತನ ಪ್ರಕರಣವನ್ನು ಓದುಗರು ಗಮನಿಸಬೇಕು. ಹದಿಹರೆಯದಲ್ಲಿಯೇ ಅಪಘಾತಕ್ಕೆ ಸಿಲುಕಿ ಅಂಗಚಲನೆ ಕಳೆದುಕೊಂಡು ಗಾಲಿಕುರ್ಚಿಗೆ ಸೇರಿದವನು ಈತ. ಸ್ನಾಯುಸೆಳೆತದ ಶಮನಕ್ಕಾಗಿ ಕೊಲೊರಾಡೊ ರಾಜ್ಯದಿಂದಲೇ ಅನುಮತಿಪತ್ರ ಪಡೆದು, ಕೆಲಸದ ಹೊತ್ತು ಕಳೆದ ಮೇಲೆ ಮನೆಯಲ್ಲಿ ಗಾಂಜಾ ಬಳಸುತ್ತಿದ್ದ. 2010ರಲ್ಲಿ ಡಿಶ್ ನೆಟ್‌ವರ್ಕ್ ಕಂಪನಿಯು ಪರೀಕ್ಷೆಯೊಂದರ ಫಲಿತಾಂಶವನ್ನೇ ಆಧಾರವಾಗಿಸಿಕೊಂಡು ಅವನನ್ನು ವಜಾ ಮಾಡಿತು. ಅವನು ಅಮಲಿನಲ್ಲಿ ಕೆಲಸ ಮಾಡಿದನೆಂಬ ಆಪಾದನೆಯೇ ಇರಲಿಲ್ಲ. ಕೆಲಸದ ವೇಳೆಯ ಹೊರಗಿನ ಶಾಸನಬದ್ಧ ನಡವಳಿಕೆಗಾಗಿ ಯಾರನ್ನೂ ವಜಾ ಮಾಡಬಾರದೆಂಬ ಕಾಯಿದೆ ಆ ರಾಜ್ಯದಲ್ಲಿತ್ತು. ಆದರೂ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2015ರ ಜೂನ್ ತಿಂಗಳಲ್ಲಿ, ಶಾಸನಬದ್ಧವೆಂದರೆ ಕೇಂದ್ರದ ಶಾಸನಕ್ಕೂ ಬದ್ಧವಾಗಿರಬೇಕೆಂದು ಅರ್ಥೈಸಿ, ಸರ್ವಾನುಮತದಿಂದ ಅವನ ವಿರುದ್ಧ ತೀರ್ಪಿತ್ತಿತು. ಶಬ್ದಾರ್ಥದ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಆ ಶಬ್ದದ ಬೆಲೆಯನ್ನು ತೆತ್ತವನು ಗಾಲಿಕುರ್ಚಿಯಲ್ಲಿದ್ದವನು.

ಮೂತ್ರಪರೀಕ್ಷೆ ಅಳೆಯುವುದಾದರೂ ಏನನ್ನು? ಅಮಲನ್ನಲ್ಲ. ಗಾಂಜಾದ ಸತ್ತ್ವವು ಕೊಬ್ಬಿನಲ್ಲಿ ಕರಗುವಂಥದು. ಅಮಲು ಕೆಲವು ತಾಸುಗಳಲ್ಲಿ ಇಳಿದುಹೋದರೂ ದೇಹವು ಅದನ್ನು ವಿಘಟಿಸಿದ ನಿರುಪದ್ರವಿ ಶೇಷವು ದಿನಗಟ್ಟಲೆ, ನಿತ್ಯ ಸೇವಿಸುವವರಲ್ಲಿ ವಾರಗಟ್ಟಲೆ ಮೂತ್ರದಲ್ಲಿ ಇಳಿಯುತ್ತಿರುತ್ತದೆ. ಮದ್ಯವಾದರೋ ತಾಸುಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಹಾಗಾಗಿ ಭಾನುವಾರ ಕಂಠಪೂರ್ತಿ ಕುಡಿದವನು ಸೋಮವಾರ ನಿರ್ದೋಷಿ; ಹತ್ತು ದಿನಗಳ ಹಿಂದೆ ಸೇದಿದವನು ಅಪರಾಧಿ! ಬೂದಿಯನ್ನು ತೋರಿಸಿ ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗುವ ಪರಿ ಇದು.

ಹಾಗೆಂದು, ಕಾನೂನು ಒಪ್ಪಿದ ಮೇಲೆ ಮಾಲೀಕನಿಗೇನು ಅಧಿಕಾರ ಎನ್ನುವವರ ವಾದವೂ ಪೊಳ್ಳೇ. 1987ರ ಜನವರಿ 4ರಂದು ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ, ಗಾಂಜಾ ಸೇದಿದ್ದ ಚಾಲಕನೊಬ್ಬನು ನಿಲುಗಡೆಯ ಸಂಕೇತವನ್ನು ಮೀರಿ ನಡೆಸಿದ ರೈಲು ಎಂಜಿನುಗಳಿಗೆ ಪ್ರಯಾಣಿಕರ ಗಾಡಿ ಬಡಿದು 16 ಮಂದಿ ಸತ್ತರು. ಸಾರಿಗೆ ನೌಕರರ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ 1991ರ ಕಾಯಿದೆಯ ಹಿಂದೆ ಆ ಹೆಣಗಳಿವೆ. ಆದರೆ ಅದೇ ಎಂಜಿನಿನಲ್ಲಿ ಎಚ್ಚರಿಕೆಯ ಸೀಟಿ ಕೇಳದಂತೆ ಅದರ ಬಾಯಿಗೆ ಟೇಪು ಅಂಟಿಸಲಾಗಿತ್ತು. ಅದನ್ನು ಯಾವ ಮೂತ್ರಪರೀಕ್ಷೆ ಕಂಡುಹಿಡಿದೀತು?

ಕ್ಯಾಲಿಫೋರ್ನಿಯಾದ ಶಾಸನ, 2024ರ ಜನವರಿ 1ರಿಂದ ಜಾರಿಯಲ್ಲಿರುವಂಥದು, ನನ್ನ ಮಟ್ಟಿಗೆ ಹೆಚ್ಚು ವಿವೇಕದ್ದು. ಅಮಲೇರಿಸದ ಶೇಷವನ್ನು ಮಾತ್ರ ನೆಚ್ಚಿಕೊಂಡು ದಂಡಿಸಕೂಡದು. ಅಮಲಿನಲ್ಲಿ ಕೆಲಸಕ್ಕೆ ಬರುವ ಹಕ್ಕಂತೂ ಯಾರಿಗೂ ಇಲ್ಲ. ಕಟ್ಟಡ ನಿರ್ಮಾಣದ ಕಾರ್ಮಿಕರನ್ನು ಅದು ಈ ರಕ್ಷಣೆಯಿಂದ ಹೊರಗಿಟ್ಟಿದೆ. ಅದೇ ದಿನ ಜಾರಿಗೆ ಬಂದ ವಾಷಿಂಗ್ಟನ್ ರಾಜ್ಯದ ಕಾಯಿದೆ ಇನ್ನೂ ವಿಚಿತ್ರ: ನೇಮಕಾತಿಯ ಹೊಸ್ತಿಲಲ್ಲಿ ನಿಂತವನಿಗೆ ಅಭಯ, ಒಳಗೆ ಕಾಲಿಟ್ಟವನಿಗೆ ಇಲ್ಲ.

ಅಮಲನ್ನೇ ನೇರವಾಗಿ ಅಳೆಯುವ, ಮದ್ಯಕ್ಕಿರುವ ಉಸಿರುಪರೀಕ್ಷೆಯಂತಹ ಸರ್ವಸಮ್ಮತ ಸಾಧನ ಗಾಂಜಾಕ್ಕೆ ಇನ್ನೂ ದೊರೆತಿಲ್ಲ, ನಿಜ. ಅಲ್ಲಿಯವರೆಗೆ ಮೇಲ್ವಿಚಾರಕನು ನೌಕರನ ಮುಖ ನೋಡಿ, ಮಾತಾಡಿಸಿ, ಕೈಯ ಹಿಡಿತ ಗಮನಿಸಿ ತೀರ್ಮಾನಿಸಬೇಕಾಗುತ್ತದೆ. ಅದಕ್ಕೆ ತರಬೇತಿ ಬೇಕು, ವೇಳೆ ಬೇಕು, ತಪ್ಪಿದಲ್ಲಿ ಉತ್ತರ ಕೊಡುವ ಹೊಣೆಯೂ ಬೇಕು. ಪ್ರಯೋಗಾಲಯಕ್ಕೆ ಸೀಸೆ ಕಳುಹಿಸಿದರೆ ಈ ಮೂರೂ ಉಳಿತಾಯವಾಗುತ್ತವೆ.