ಪಟ್ಟಿಯ ಖಾಲಿ ಮನೆ

ಡೆಟ್ರಾಯಿಟ್ ಬಳಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಹತ್ತು ವರ್ಷ, ಆಮೇಲೆ ಐ-94 ಹಿಡಿದು ಶಿಕಾಗೋಗೆ ಬಂದು ರಸ್ತೆ ಕಾಮಗಾರಿಗಳಲ್ಲಿ ಹದಿನೈದು ವರ್ಷ. ಎರಡೂ ಕಡೆ ನಾನು 'ಶೆಡ್ಯೂಲರ್'. ಹಾಗೆಂದರೇನು ಎಂದು ಅಮ್ಮನಿಗೆ ವಿವರಿಸಿದಾಗ, "ಯಾವ ಕೆಲಸ ಯಾವಾಗ ಅಂತ ಬರೆದಿಡೋದಾ? ಅದಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳಿದ್ದಳು. ನಾಲ್ಕು ಮದುವೆಗಳನ್ನು ತಲೆಯಲ್ಲೇ ಲೆಕ್ಕವಿಟ್ಟು ಮಾಡಿಸಿದವಳು, ಕೇಳಿದ್ದರಲ್ಲಿ ತಪ್ಪೇನಿದೆ?

ನನ್ನ ಹೊಟ್ಟೆಪಾಡಿನ ಮೂಲ 1957ರಲ್ಲಿದೆ. ಡ್ಯೂಪಾಂಟ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಗಳವರು ಸೇರಿ 'ಕ್ರಿಟಿಕಲ್ ಪಾತ್' ಎಂಬ ಲೆಕ್ಕಾಚಾರ ಹುಟ್ಟುಹಾಕಿದರು. ಇಡ್ಲಿಯ ಭಾಷೆಯಲ್ಲಿ ಹೇಳುತ್ತೇನೆ, ಕೇಳಿ. ಉದ್ದು ನೆನೆಯಬೇಕು, ರುಬ್ಬಬೇಕು, ಹಿಟ್ಟು ಹುಳಿ ಬರಬೇಕು, ಬೇಯಬೇಕು. ಇದರಲ್ಲಿ ಒಂದು ತಡವಾದರೂ ತಿಂಡಿ ತಡ. ಇದೇ ಕ್ರಿಟಿಕಲ್ ಪಾತ್. ಚಟ್ನಿಯನ್ನು ರಾತ್ರಿಯೂ ಮಾಡಬಹುದು, ಇಡ್ಲಿ ಬೇಯುವಾಗಲೂ ಮಾಡಬಹುದು. ಆ ಪುರುಸೊತ್ತಿಗೆ 'ಫ್ಲೋಟ್' ಎಂದು ಹೆಸರು. ಶಿಕಾಗೋ ಚಳಿಯಲ್ಲಿ ಹಿಟ್ಟನ್ನು ಅವನ್ನಿನೊಳಗಿಟ್ಟು ದೀಪ ಹಾಕುತ್ತೀರಲ್ಲ, ಕ್ರಿಟಿಕಲ್ ಪಾತ್ ಕಾಯುವುದೆಂದರೆ ಅದೇ!

ಸೇತುವೆಯಂಥ ದೊಡ್ಡ ಕಾಮಗಾರಿಯಲ್ಲಿ ಇಂಥ ಕೆಲಸಗಳು ಸಾವಿರಾರು. ನಮ್ಮೂರ ಜೇನ್ ಬರ್ನ್ ಇಂಟರ್‌ಚೇಂಜ್ 2013ರಲ್ಲಿ ಶುರುವಾಗಿ 2022ರ ಕೊನೆಗೆ ಮುಗಿಯಿತು. ಅಲ್ಲಿ ಟ್ರಾಫಿಕ್ಕಿನಲ್ಲಿ ಕೂತು ಶಪಿಸದವರು ನಮ್ಮಲ್ಲಿ ಯಾರಿದ್ದಾರೆ? ಇಂಥದ್ದಕ್ಕೆಲ್ಲ ಪ್ರಿಮಾವೆರಾ, ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ ಸಾಫ್ಟ್‌ವೇರ್‌ಗಳಿವೆ. 1983ರಲ್ಲಿ ಹುಟ್ಟಿದ ಪ್ರಿಮಾವೆರಾ ಕಂಪನಿಯನ್ನು 2008ರಲ್ಲಿ ಒರಾಕಲ್ ಕೊಂಡುಕೊಂಡಿತು. ಇವುಗಳ ನಿಜವಾದ ಜಾದೂ ಇರುವುದು 'ಫಿಲ್ಟರ್'ನಲ್ಲಿ. ಮುಂದಿನ ಮೂರು ವಾರದ್ದು ಮಾತ್ರ ತೋರಿಸು, ಫ್ಲೋಟ್ ಸೊನ್ನೆ ಇರುವುದನ್ನು ಮಾತ್ರ ತೋರಿಸು, ಹಿಮ ಬೀಳುವ ಮೊದಲು ಮುಗಿಯಬೇಕಾದ ಡಾಂಬರು ಕೆಲಸ ತೋರಿಸು ಎಂದರೆ ಸಾವಿರಾರು ಸಾಲು ಜರಡಿಯಲ್ಲಿ ಇಳಿದು ನಲವತ್ತು ಉಳಿಯುತ್ತವೆ. ಆದರೆ ಒಂದು ಮಾತು ನೆನಪಿರಲಿ: ಮಿಕ್ಕವು ಮುಗಿದಿರುವುದಿಲ್ಲ, ಮರೆಯಾಗಿರುತ್ತವೆ ಅಷ್ಟೆ.

ಈ ವಿದ್ಯೆಯನ್ನು ನಾನು ಕೂಟಕ್ಕೂ ತಂದೆ. ಕೆಲವು ವರ್ಷಗಳ ಹಿಂದಿನ ದೀಪಾವಳಿಗೆ ಒಂದು ಎಕ್ಸೆಲ್ ಪಟ್ಟಿ ಮಾಡಿದೆ, ಒಟ್ಟು 212 ಸಾಲು. ಕೆಲಸ, ದಿನಾಂಕ, ಉಸ್ತುವಾರಿ ಎಂದು ಕಾಲಂಗಳು. ನಾಟಕಕ್ಕೆ ಡೆಟ್ರಾಯಿಟ್‌ನಿಂದ ಗೆಳೆಯರು ಬರುವವರಿದ್ದರು. ಹತ್ತು ಗಂಟೆ ಎಂದರೆ ಅಲ್ಲಿಯ ಹತ್ತೋ ಇಲ್ಲಿಯ ಹತ್ತೋ ಎಂಬ ಜಗಳ ಬೇಡವೆಂದು ಅದಕ್ಕೂ ಒಂದು ಕಾಲಂ! "ನಿಮ್ಮ ಹೆಸರಿನ ಮೇಲೆ ಫಿಲ್ಟರ್ ಹಾಕಿ, ನಿಮ್ಮ ಕೆಲಸ ಮಾತ್ರ ಕಾಣುತ್ತೆ" ಎಂದು ಎಲ್ಲರಿಗೂ ಪಾಠ ಹೇಳಿದೆ. ಎಲ್ಲರೂ ಹೊಗಳಿದರು. ನಾನೂ ಉಬ್ಬಿದೆ.

ಆ ದಿನ ಎಲ್ಲ ಕರಾರುವಾಕ್ಕು. ರಂಗೋಲಿ, ಮೈಕು, ಹೋಳಿಗೆ ಎಲ್ಲ ಹೊತ್ತಿಗೆ ಸರಿಯಾಗಿ. ನಾಟಕ ಶುರುವಾದ ಮೇಲೆ ಎರಡನೇ ಸಾಲಿನ ಒಂದು ಕುರ್ಚಿ ಖಾಲಿ ಇರುವುದು ನನ್ನ ಕಣ್ಣಿಗೆ ಬಿತ್ತು. ಮಗನ ಮನೆಗೆ ಬಂದಿದ್ದ ಮೈಸೂರಿನ ಹಿರಿಯರೊಬ್ಬರಿಗೆ, ರಾಯರು ಎನ್ನೋಣ, ಇಟ್ಟಿದ್ದ ಜಾಗ ಅದು. ಮಗ, ಸೊಸೆ ಇಬ್ಬರಿಗೂ ಅಂದು ಆಸ್ಪತ್ರೆ ಡ್ಯೂಟಿ. "ಕನ್ನಡ ನಾಟಕ ನೋಡಿ ಬಹಳ ದಿನವಾಯ್ತಪ್ಪ" ಎಂದು ರಾಯರು ನನ್ನ ಬಳಿಯೇ ಹೇಳಿದ್ದರು. ಫೋನಿನಲ್ಲಿ ಪಟ್ಟಿ ತೆರೆದೆ. 'ರಾಯರನ್ನು ಕರೆತರುವುದು', ಸಾಲು 148, ನಾನೇ ಬರೆದದ್ದು. ಉಸ್ತುವಾರಿಯ ಮನೆ ಖಾಲಿ. ಪ್ರತಿಯೊಬ್ಬರೂ ತಮ್ಮ ಹೆಸರನ್ನಷ್ಟೇ ನೋಡಿದ್ದರಿಂದ ಹೆಸರಿಲ್ಲದ ಸಾಲು ಯಾರಿಗೂ ಕಾಣಲಿಲ್ಲ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆಯಲ್ಲಿ ಹಾವನ್ನು ನೋಡಿಯಾದರೂ ಇರುತ್ತಾರೆ. ನಾವು ಅದನ್ನೂ ನೋಡಿರಲಿಲ್ಲ.

ಇಪ್ಪತ್ತೈದು ನಿಮಿಷ ಕಾರು ಓಡಿಸಿದೆ. ರಾಯರು ಪಂಚೆ, ಜುಬ್ಬಾ, ಶಾಲು, ಅದರ ಮೇಲೆ ಮಗನ ದಪ್ಪ ಜಾಕೆಟ್ಟು ಹಾಕಿಕೊಂಡು ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಶೂ ಕೂಡ ಹಾಕಿಯಾಗಿತ್ತು. ಮೂರು ಗಂಟೆಯಿಂದ ಕೂತಿದ್ದರಂತೆ.

"ಒಂದು ಫೋನ್ ಮಾಡಬಾರದಿತ್ತಾ ಸರ್?"

"ನಿಮಗೆ ನೂರೆಂಟು ಕೆಲಸ ಇರತ್ತೆ. ಮಧ್ಯದಲ್ಲಿ ನಾನೊಂದು ಯಾಕೆ ಅಂತ ಸುಮ್ಮನಾದೆ."

ನಾವು ತಲುಪುವಾಗ ನಾಟಕ ಮುಗಿದು ಪಾತ್ರಧಾರಿಗಳು ಬಣ್ಣ ತೆಗೆಯುತ್ತಿದ್ದರು. ರಾಯರು ಊಟ ಮಾಡಿದರು, ಹೋಳಿಗೆ ಚೆನ್ನಾಗಿದೆ ಎಂದರು, ಎಲ್ಲರನ್ನೂ ಮಾತನಾಡಿಸಿದರು. ಮುಂದಿನ ತಿಂಗಳು ಮೈಸೂರಿಗೆ ಹೊರಟರು. ನಾಟಕ ನೋಡದೆಯೇ ಹೋದರು.

ಕಚೇರಿಯಲ್ಲಿ ಯಾವುದೇ ಶೆಡ್ಯೂಲ್ ಬಂದರೂ ನಾನು ಮೊದಲು ಹುಡುಕುವುದು ಹಿಂದೆ ಮುಂದೆ ಕೊಂಡಿಯಿಲ್ಲದ, ಒಂಟಿಯಾಗಿ ನಿಂತ ಕೆಲಸಗಳನ್ನು. ಸಂಬಳಕ್ಕೆ ಮಾಡುವ ಈ ತಪಾಸಣೆಯನ್ನು ನಮ್ಮವರಿಗಾಗಿ ಮಾಡಿರಲಿಲ್ಲ. ಈಗ ಮಾಡುತ್ತೇನೆ. ಫಿಲ್ಟರ್ ಬಾಣದ ಮೇಲೆ ಒತ್ತಿದರೆ ಹೆಸರುಗಳೆಲ್ಲ ಮುಗಿದ ಮೇಲೆ ಕಟ್ಟಕಡೆಗೆ 'ಬ್ಲ್ಯಾಂಕ್ಸ್' ಎಂದಿರುತ್ತದೆ. ಮೊದಲು ಅದನ್ನು ಒತ್ತಿ. ಅಲ್ಲಿ ಸಿಕ್ಕ ಸಾಲಿಗೆ ಒಂದು ಹೆಸರು ಬರೆಯಿರಿ. ಯಾರೂ ಸಿಗದಿದ್ದರೆ ನಿಮ್ಮದೇ ಬರೆಯಿರಿ.

ಈ ಸಲದ ಪಟ್ಟಿಯಲ್ಲಿ ಕಾರಿಲ್ಲದ ಹಿರಿಯರು ಹನ್ನೊಂದು ಮಂದಿ. ಎಲ್ಲರ ಎದುರೂ ಒಂದೊಂದು ಹೆಸರಿದೆ. ನಿಮ್ಮ ಅಪ್ಪ ಅಮ್ಮ ಬಂದಿದ್ದರೆ ದಯವಿಟ್ಟು ತಿಳಿಸಿ, ಸಾಲು ಸೇರಿಸಲು ಎಕ್ಸೆಲ್‌ನಲ್ಲಿ ಜಾಗಕ್ಕೆ ಬರವಿಲ್ಲ. ಎಲ್ಲರಿಗೂ ದೀಪಾವಳಿಯ ಶುಭಾಶಯಗಳು!