ತಿದ್ದುಪಡಿಗಳಿಗೂ ಒಂದು ದಾಖಲೆ ಬೇಕು

ನಮ್ಮ ಪ್ರಯೋಗಶಾಲೆಯಲ್ಲಿ ಒಮ್ಮೆ ಮೂವರು ವಿದ್ಯಾರ್ಥಿಗಳು ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯತೊಡಗಿದರು. ಲೆಕ್ಕಕ್ಕಾಗಿ ಪುಟ್ಟದೊಂದು ಪ್ರೋಗ್ರಾಮನ್ನು ಬರೆದು, ಅದನ್ನು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಸೆಕೆಂಡಿನ ವರ್ಗಕ್ಕೆ ೯.೮ ಮೀಟರಿನ ಆಸುಪಾಸಿನಲ್ಲಿರಬೇಕಾದ ಉತ್ತರವು ಒಂದು ದಿನ ೧೫.೩ ಎಂದು ಬಂದಿತು. ಕಾರಣವನ್ನು ಹುಡುಕಲು ಇಡೀ ಮಧ್ಯಾಹ್ನವೇ ಹಿಡಿಯಿತು. ಮೊದಲ ಅಳತೆಗಳಲ್ಲಿ ೨೦ ಆಂದೋಲನಗಳ ಕಾಲವನ್ನು ಬರೆದುಕೊಂಡಿದ್ದರು. ಆಮೇಲೆ ೨೫ ಆಂದೋಲನಗಳನ್ನು ಎಣಿಸಿದವರೊಬ್ಬರು ಪ್ರೋಗ್ರಾಮಿನ ಭಾಜಕವನ್ನು ೨೫ಕ್ಕೆ ಬದಲಿಸಿದ್ದರು. ಹಳೆಯ ಅಳತೆಗಳೂ ೨೫ರಿಂದಲೇ ಭಾಗವಾದವು. ಯಾರು ಬದಲಿಸಿದರು, ಎಂದು ಬದಲಿಸಿದರು ಎಂಬುದು ಮೂವರಿಗೂ ನೆನಪಿರಲಿಲ್ಲ. ಅವರಲ್ಲಿದ್ದ ಕಡತಗಳ ಹೆಸರುಗಳು 'ಅಂತಿಮ', 'ಅಂತಿಮ ೨', 'ಇದೇ ಅಂತಿಮ'! ತಪ್ಪಿಗಿಂತ ಹೆಚ್ಚಾಗಿ, ಅವರೊಳಗೆ ಹುಟ್ಟಿದ ಪರಸ್ಪರ ಸಂಶಯವೇ ನಮ್ಮನ್ನು ನೋಯಿಸಿತು.

ತಪ್ಪು ಅವರದಷ್ಟೇ ಅಲ್ಲ, ನಮ್ಮದೂ ಹೌದು. ಪ್ರಯೋಗದ ಪುಸ್ತಕದಲ್ಲಿ ಬರೆದ ಅಂಕಿಯನ್ನು ರಬ್ಬರಿನಿಂದ ಅಳಿಸಬಾರದು, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು ಎಂದು ನಾವು ಮೊದಲ ದಿನವೇ ಹೇಳುತ್ತೇವೆ. ಆದರೆ ಲೆಕ್ಕವು ಕಾಗದದಿಂದ ಕಂಪ್ಯೂಟರಿಗೆ ಹೋದೊಡನೆ ಆ ನಿಯಮವನ್ನು ಮರೆತುಬಿಡುತ್ತೇವೆ.

ಈ ನಿಯಮವನ್ನು ಕಂಪ್ಯೂಟರಿನಲ್ಲಿಯೂ ಪಾಲಿಸುವ ಉಪಾಯವು ಹೊಸದೇನಲ್ಲ. ೧೯೭೨ರಲ್ಲಿಯೇ ಬೆಲ್ ಪ್ರಯೋಗಾಲಯದ ಮಾರ್ಕ್ ರಾಚ್‌ಕೈಂಡ್ ಪ್ರೋಗ್ರಾಮುಗಳ ತಿದ್ದುಪಡಿಗಳನ್ನು ಕಾಪಾಡುವ ವ್ಯವಸ್ಥೆಯೊಂದನ್ನು ರಚಿಸಿದರು. ಇಂದು ಬಹುವಾಗಿ ಬಳಕೆಯಲ್ಲಿರುವ 'ಗಿಟ್' ಎಂಬುದನ್ನು ಲೈನಸ್ ಟೋರ್ವಾಲ್ಡ್ಸ್ ೨೦೦೫ರಲ್ಲಿ ಲಿನಕ್ಸ್ ಕರ್ನೆಲಿನ ಕೆಲಸಕ್ಕಾಗಿ ನಿರ್ಮಿಸಿದರು. ಇದಕ್ಕೆ ಬೆಲೆ ಕೊಡಬೇಕಾಗಿಲ್ಲ.

ಇದನ್ನು ಸ್ಥಾಪಿಸುವುದು ಹೊಸಬರಿಗೂ ಕಷ್ಟವಲ್ಲ. ಪ್ರಯೋಗಶಾಲೆಯ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಮೂವರನ್ನೂ ಒಂದೇ ಬಳಕೆದಾರರ ಗುಂಪಿಗೆ ಸೇರಿಸಿ, ಆ ಗುಂಪಿನ ಒಡೆತನದ ಫೋಲ್ಡರಿನಲ್ಲಿ 'ಗಿಟ್ ಇನಿಟ್ --ಬೇರ್ --ಶೇರ್ಡ್' ಎಂಬ ಆಜ್ಞೆಯನ್ನು ಕೊಟ್ಟರೆ ಸಮಾನ ಭಂಡಾರವು ಸಿದ್ಧವಾಗುತ್ತದೆ. 'ಬೇರ್' ಎಂದರೆ ಬರಿಯದು. ಅಲ್ಲಿ ಯಾರೂ ಕುಳಿತು ಕಡತಗಳನ್ನು ತಿದ್ದುವುದಿಲ್ಲ. ಅದು ಇತಿಹಾಸವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಪ್ರತಿಯೊಬ್ಬರೂ ಅದರಿಂದ ತಮ್ಮದೇ ಪ್ರತಿಯನ್ನು 'ಕ್ಲೋನ್' ಮಾಡಿಕೊಂಡು, ಅಲ್ಲಿ ತಿದ್ದಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆದು 'ಕಮಿಟ್' ಮಾಡಿ, ಭಂಡಾರಕ್ಕೆ 'ಪುಷ್' ಮಾಡುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರ ತಿದ್ದುಪಡಿ ಅಲ್ಲಿಗೆ ಸೇರಿದ್ದರೆ ಗಿಟ್ ಈ ಪುಷ್ ಅನ್ನು ನಿರಾಕರಿಸುತ್ತದೆ. ಇದನ್ನು ಕಂಡು ಹೊಸಬರು ಗಾಬರಿಗೊಂಡು, ಬಲವಂತದಿಂದ ತಳ್ಳುವ ಆಜ್ಞೆಯನ್ನು ಕೊಡುವುದುಂಟು. ಹಾಗೆ ಮಾಡಿದರೆ ಸಹಪಾಠಿಯ ಕೆಲಸವೇ ಭಂಡಾರದಿಂದ ಮರೆಯಾದೀತು. ಮೊದಲು 'ಪುಲ್' ಮಾಡಿ, ಇನ್ನೊಬ್ಬರ ಕೆಲಸವನ್ನು ಓದಿ, ಎರಡನ್ನೂ ಕೂಡಿಸಿ, ಅನಂತರ ಪುಷ್ ಮಾಡುವುದೇ ಸರಿಯಾದ ಕ್ರಮ. ಈ ನಿರಾಕರಣೆಯನ್ನು ಅಡ್ಡಿಯೆಂದಲ್ಲ, ಸೌಜನ್ಯದ ಪಾಠವೆಂದು ನಾವು ಭಾವಿಸುತ್ತೇವೆ.

ಎಲ್ಲರೂ ತೆರೆಯಬಲ್ಲ ಒಂದು ಫೋಲ್ಡರಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಅಂತಹ ಫೋಲ್ಡರು ಹಳೆಯ ಪ್ರತಿಗಳನ್ನು ಉಳಿಸಿಕೊಂಡೀತು. ಆದರೆ ಏಕೆ ಬದಲಿಸಿದಿರಿ ಎಂದು ಕೇಳುವುದಿಲ್ಲ. ವಿಜ್ಞಾನಕ್ಕೆ ಬೇಕಾದುದು ಆ 'ಏಕೆ' ಎಂಬುದಕ್ಕೆ ಉತ್ತರ. 'ಬದಲಾವಣೆ' ಎಂದಷ್ಟೇ ಬರೆದ ಟಿಪ್ಪಣಿ ವ್ಯರ್ಥ. 'ಇನ್ನು ಮುಂದೆ ೨೫ ಆಂದೋಲನಗಳು' ಎಂದು ಬರೆದಿದ್ದರೆ ನಮ್ಮ ವಿದ್ಯಾರ್ಥಿಗಳಿಗೆ ಒಂದು ನಿಮಿಷದಲ್ಲಿ ಕಾರಣ ಸಿಗುತ್ತಿತ್ತು.

ಹಾಗೆಂದು ಗಿಟ್ ಸರ್ವಜ್ಞನಲ್ಲ. ಇಬ್ಬರು ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದರೆ ಅದು ಎಚ್ಚರಿಸುತ್ತದೆ. ಆದರೆ ಒಬ್ಬರು ಭಾಜಕವನ್ನೂ ಮತ್ತೊಬ್ಬರು ಬೇರೊಂದು ಕಡತದಲ್ಲಿ ಅಳತೆಗಳನ್ನೂ ಬದಲಿಸಿದರೆ ಮೌನವಾಗಿ ಎರಡನ್ನೂ ಕೂಡಿಸಿಬಿಡುತ್ತದೆ. ಅದು ಅಕ್ಷರಗಳನ್ನು ಬಲ್ಲುದೇ ಹೊರತು ಭೌತಶಾಸ್ತ್ರವನ್ನಲ್ಲ. ೧೫.೩ ಎಂಬ ಉತ್ತರವನ್ನು ಕಂಡು ಹುಬ್ಬೇರಿಸುವ ಕೆಲಸ ಎಂದೆಂದಿಗೂ ವಿದ್ಯಾರ್ಥಿಯದೇ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಕೂಡಿ ಮಾಡುವ ಪ್ರತಿಯೊಂದು ಪ್ರಯೋಗದಲ್ಲಿಯೂ ಮೊದಲ ಅಳತೆಗೆ ಮುನ್ನವೇ ಭಂಡಾರವನ್ನು ಸ್ಥಾಪಿಸತಕ್ಕದ್ದು. ಅಧ್ಯಾಪಕರು ವರದಿಯೊಡನೆ ಅದರ ಇತಿಹಾಸವನ್ನೂ ಓದಬೇಕು. ತಪ್ಪನ್ನು ದಾಖಲಿಸಿ ತಿದ್ದಿದವರಿಗೆ ಅಂಕಗಳನ್ನು ಕಳೆಯಬಾರದು. ಹಾಗೆ ಕಳೆದರೆ ಮುಂದಿನ ಸಲ ಅವರು ಮೊದಲಿಗೆ ಬಚ್ಚಿಡುವುದನ್ನೇ ಕಲಿಯುತ್ತಾರೆ. ನಾವು ನಮ್ಮ ಮುಂದಿನ ತಂಡದಿಂದಲೇ ಇದನ್ನು ಆರಂಭಿಸಲಿದ್ದೇವೆ. ನಮ್ಮ ಪಾಠದ ಟಿಪ್ಪಣಿಗಳೂ, ಅವುಗಳಲ್ಲಿನ ತಪ್ಪುಗಳೊಡನೆ, ಅದೇ ಭಂಡಾರವನ್ನು ಸೇರಲಿವೆ.